ಮೂವರು ವೀರರು ಹುಟ್ಟಿದ ಊರು

ಅಮೆರಿಕದ ಷಿಕಾಗೋ ನಗರದಿಂದ ವಾಯವ್ಯಕ್ಕೆ ಸುಮಾರು 130 ಕಿ.ಮೀ. ಸಾಗಿದರೆ ಇಲಿನಾಯ್ ರಾಜ್ಯ ಮುಗಿದು ವಿಸ್ಕಾನ್ಸಿನ್ ಆರಂಭವಾಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಒಂದು ಸರೋವರ ಎದುರಾಗುತ್ತದೆ. ಹಿಮಯುಗದಲ್ಲಿ ಹಿಮನದಿಗಳು ಕೊರೆದು ಬಿಟ್ಟುಹೋದ ತಗ್ಗಿನಲ್ಲಿ ನಿಂತ ನೀರು ಅದು. ಉದ್ದ ಸುಮಾರು 12 ಕಿ.ಮೀ.; ಆಳ ಕೆಲವೆಡೆ 40 ಮೀಟರಿಗೂ ಹೆಚ್ಚು. ಇದರ ಪೂರ್ವದ ತುದಿಯಲ್ಲಿರುವ ಪುಟ್ಟ ಪಟ್ಟಣವೇ ಲೇಕ್ ಜಿನೀವಾ. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ನಮ್ಮಲ್ಲಿನ ಒಂದು ಹೋಬಳಿ ಕೇಂದ್ರದಷ್ಟು ಎನ್ನಬಹುದು.

1871ರಲ್ಲಿ ಷಿಕಾಗೋ ನಗರಕ್ಕೆ ಭಾರೀ ಬೆಂಕಿ ಬಿದ್ದಾಗ ಅಲ್ಲಿನ ಸಿರಿವಂತ ಕುಟುಂಬಗಳು ಇತ್ತ ಮುಖ ಮಾಡಿದವು. ದಂಡೆಯುದ್ದಕ್ಕೂ ಅವರ ಬಂಗಲೆಗಳು ಎದ್ದವು. ಸರೋವರವನ್ನು ಸುತ್ತಿ ಬರುವ ಮೂವತ್ತಕ್ಕೂ ಹೆಚ್ಚು ಕಿ.ಮೀ. ಉದ್ದದ ಕಾಲುದಾರಿಯೊಂದಿದೆ. ಪೊಟವಾಟಮಿ ಮೂಲನಿವಾಸಿಗಳು ಹಿಂದೆ ನಡೆದಾಡುತ್ತಿದ್ದ ಹಾದಿ ಇದು. ಈಗ ಕೋಟ್ಯಧೀಶರ ಹುಲ್ಲುಹಾಸಿನ ಮೇಲೆಯೇ ಹಾದುಹೋಗುತ್ತದೆ. ಯಾರು ಬೇಕಾದರೂ ನಡೆಯಬಹುದು. ಬೇಸಿಗೆಯಲ್ಲಿ ದಂಡೆಯ ಮನೆಗಳಿಗೆ ಅಂಚೆ ಬರುವುದು ದೋಣಿಯಲ್ಲಿ. ಆ ದೋಣಿ ನಿಲ್ಲುವುದಿಲ್ಲ. ಅದು ಚಲಿಸುತ್ತಿರುವಾಗಲೇ ಅಂಚೆಯ ಹುಡುಗನೋ ಹುಡುಗಿಯೋ ಕಟ್ಟೆಗೆ ಜಿಗಿದು, ಪೆಟ್ಟಿಗೆಗೆ ಪತ್ರ ಹಾಕಿ, ಓಡಿ ಬಂದು ಮತ್ತೆ ದೋಣಿಯ ಹಿಂಭಾಗಕ್ಕೆ ಹಾರಬೇಕು. ತಪ್ಪಿದರೆ ನೀರೇ ಗತಿ.

ಬೇಸಿಗೆಯ ಪ್ರವಾಸಿಗರು ಇದನ್ನೆಲ್ಲ ನೋಡಿ ಹಿಂದಿರುಗುತ್ತಾರೆ. ಆದರೆ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ, ಚಳಿ ಇನ್ನೂ ಬಿಡದಿರುವಾಗ, ಬೇರೊಂದು ಬಗೆಯ ಯಾತ್ರಿಕರು ಇಲ್ಲಿಗೆ ಬರುತ್ತಾರೆ. ಅವರ ಕೈಚೀಲದಲ್ಲಿ ದಾಳಗಳಿರುತ್ತವೆ. ಅವರು ಕೇಳುವುದು ಬಂಗಲೆಗಳ ವಿಳಾಸವನ್ನಲ್ಲ, ಸೆಂಟರ್ ಸ್ಟ್ರೀಟ್ ಎಂಬ ಸಾಧಾರಣ ಬೀದಿಯ 330ನೇ ನಂಬರಿನ ಮನೆಯನ್ನು. ಯಾವ ವೈಭವವೂ ಇಲ್ಲದ ಆ ಮನೆಯ ನೆಲಮಾಳಿಗೆಯಲ್ಲಿ, 1970ರ ದಶಕದ ಆರಂಭದಲ್ಲಿ, ಇಂದು ಜಗತ್ತಿನಾದ್ಯಂತ ಮಕ್ಕಳೂ ದೊಡ್ಡವರೂ ಆಡುವ ಆಟವೊಂದು ರೂಪುಗೊಂಡಿತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್.

ಆಟ ಎಂದರೇನು?

ಈ ಆಟಕ್ಕೆ ಚೌಕಮಣೆ ಬೇಕೇಬೇಕೆಂದಿಲ್ಲ. ಐದಾರು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಯಕ್ಷಗಾನದ ಭಾಗವತನಿದ್ದಂತೆ. ಆತ ಕತೆಯನ್ನು ನಡೆಸುತ್ತಾನೆ: 'ನಿಮ್ಮೆದುರು ಕಲ್ಲಿನ ಬಾಗಿಲಿದೆ, ಆಚೆಯಿಂದ ಏನೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ?' ಉಳಿದವರು ತಲಾ ಒಂದು ಪಾತ್ರವಾಗಿ ಉತ್ತರಿಸುತ್ತಾರೆ. ಫಲಿತಾಂಶ ಸಂದೇಹದಲ್ಲಿದ್ದರೆ ದಾಳ ಉರುಳಿಸಿ ನಿರ್ಧರಿಸುತ್ತಾರೆ. ಸೋಲು ಗೆಲುವು ಆಟಗಾರರ ನಡುವಿನದಲ್ಲ. ಎಲ್ಲರೂ ಒಂದೇ ತಂಡ.

ಮೊದಲ ದಿನ ಪ್ರತಿಯೊಬ್ಬ ಆಟಗಾರನೂ ಒಂದು ಪ್ರಶ್ನೆಗೆ ಉತ್ತರಿಸಬೇಕು: ನೀನು ಯಾರು? ಕತ್ತಿ ಹಿಡಿದ ಯೋಧನೇ, ಮಂತ್ರ ಬಲ್ಲವನೇ, ಬೀಗ ತೆಗೆಯುವ ಚತುರನೇ? ಆಟದ ಭಾಷೆಯಲ್ಲಿ ಇದಕ್ಕೆ ಕ್ಲಾಸ್ ಎಂದು ಹೆಸರು. ಕನ್ನಡದಲ್ಲಿ ಪಾತ್ರವರ್ಗ ಎನ್ನೋಣ. ಯಕ್ಷಗಾನದ ರಾಜವೇಷ, ಬಣ್ಣದ ವೇಷ, ಹಾಸ್ಯಗಾರರಂತೆ ಒಂದೊಂದು ವರ್ಗಕ್ಕೂ ತನ್ನದೇ ಶಕ್ತಿ, ತನ್ನದೇ ಮಿತಿ. ಇಂದಿನ ಕಂಪ್ಯೂಟರ್ ಆಟಗಳಲ್ಲಿ ಮಕ್ಕಳು ಆರಿಸಿಕೊಳ್ಳುವ ಯೋಧ, ಮಾಂತ್ರಿಕ, ವೈದ್ಯ ಮುಂತಾದ ಪಾತ್ರಗಳ ಮೂಲವೂ ಇದೇ.

ಈ ವರ್ಗಗಳನ್ನು ಕಳೆದ ಐವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಬಿಚ್ಚಿ ಕಟ್ಟಲಾಗಿದೆ. ಪ್ರತಿ ಸಲವೂ ವಿನ್ಯಾಸಕಾರರನ್ನು ಕಾಡಿದ್ದು ಒಂದೇ ತೊಡಕು. ಮೇಜಿನ ಸುತ್ತ ಕುಳಿತ ಯಾರೂ 'ಇಲ್ಲಿ ನನಗೇನು ಕೆಲಸ?' ಎಂದು ಸುಮ್ಮನೆ ಕೂರಬಾರದು. ಹಾಗೆಂದು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲೂ ಬಾರದು. ಮಕ್ಕಳ ಆಟದ ವಿಷಯವಾದರೂ, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತವರನ್ನು ಬಲ್ಲ ಯಾರಿಗೂ ಇದು ಸಣ್ಣ ಪ್ರಶ್ನೆ ಎನಿಸಲಾರದು.

ಕೆಲಸ ಕಳೆದುಕೊಂಡವನ ಮನೆ

ಸೆಂಟರ್ ಸ್ಟ್ರೀಟಿನ ಆ ಮನೆಯಲ್ಲಿದ್ದವರು ಗ್ಯಾರಿ ಗೈಗ್ಯಾಕ್ಸ್. 1938ರಲ್ಲಿ ಷಿಕಾಗೋದಲ್ಲಿ ಹುಟ್ಟಿ, ಎಂಟನೇ ವಯಸ್ಸಿನಲ್ಲಿ ಈ ಊರಿಗೆ ಬಂದವರು. ಪ್ರೌಢಶಾಲೆಯನ್ನು ಪೂರ್ತಿ ಮಾಡಲಿಲ್ಲ. ಷಿಕಾಗೋದ ವಿಮಾ ಕಂಪೆನಿಯೊಂದರಲ್ಲಿ ನೌಕರಿ. ಯಾವ ಅಪಾಯಕ್ಕೆ ಎಷ್ಟು ಕಂತು ಎಂದು ಅಳೆಯುವುದು ಅವರ ದಿನಗೆಲಸ. ಅಪಾಯವನ್ನು ಅಂಕಿಯಾಗಿಸುವ ಈ ಅಭ್ಯಾಸ ಮುಂದೆ ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂತು.

ಅವರಿಗೆ ಯುದ್ಧದ ಆಟಗಳ ಗೀಳು. ಈ ಆಟಗಳ ವಂಶವೃಕ್ಷ ಭಾರತದ ಚತುರಂಗದವರೆಗೂ ಹೋಗುತ್ತದೆ. ಆನೆ, ಕುದುರೆ, ರಥ, ಕಾಲಾಳು ಒಂದೊಂದಕ್ಕೂ ಒಂದೊಂದು ನಡೆ ಕೊಟ್ಟ ಆ ಆಟ ಪರ್ಷಿಯಾದ ಮೂಲಕ ಯೂರೋಪು ಸೇರಿತು. 1780ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬಾತ ಚದುರಂಗವನ್ನೇ ಹಿಗ್ಗಿಸಿ ಯುದ್ಧಕಲೆ ಕಲಿಸುವ ಆಟ ಮಾಡಿದ. 1824ರ ಹೊತ್ತಿಗೆ ಪ್ರಷ್ಯಾದ ಸೈನ್ಯ ಇಂಥ ಆಟದಿಂದ ಅಧಿಕಾರಿಗಳಿಗೆ ತರಬೇತಿ ಕೊಡತೊಡಗಿತು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಕದನಕ್ಕೆ ನಿಯಮಗಳ ಪುಸ್ತಕ ಬರೆದರು. ಅಮೆರಿಕದ ಹವ್ಯಾಸಿಗಳು ಇದನ್ನು ಮುಂದುವರಿಸಿದರು.

1968ರ ಆಗಸ್ಟ್ 24ರಂದು ಗೈಗ್ಯಾಕ್ಸ್ 50 ಡಾಲರ್ ಬಾಡಿಗೆಗೆ ಊರಿನ ಹಾರ್ಟಿಕಲ್ಚರಲ್ ಹಾಲ್ ಹಿಡಿದು ಇಂಥ ಹವ್ಯಾಸಿಗಳ ಸಮಾವೇಶ ನಡೆಸಿದರು. ಪ್ರವೇಶ ಶುಲ್ಕ ಒಂದು ಡಾಲರ್. ಬಂದವರು ಸುಮಾರು ನೂರು ಜನ. ಜೆನ್ ಕಾನ್ ಎಂಬ ಹೆಸರಿನ ಆ ಸಮಾವೇಶ ಬೆಳೆದು ಊರು ಬಿಟ್ಟುಹೋಯಿತು. 2003ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುತ್ತಿದೆ. ಸೇರುವವರು ಎಪ್ಪತ್ತು ಸಾವಿರಕ್ಕೂ ಹೆಚ್ಚು. ಆ ಹಾಲ್ ಮಾತ್ರ ಇಂದೂ ಲೇಕ್ ಜಿನೀವಾದಲ್ಲೇ ಇದೆ.

1970ರಲ್ಲಿ ಗೈಗ್ಯಾಕ್ಸ್ ನೌಕರಿ ಕಳೆದುಕೊಂಡರು. ಮನೆ ತುಂಬ ಮಕ್ಕಳು. ಹೊಟ್ಟೆಪಾಡಿಗೆ ನೆಲಮಾಳಿಗೆಯಲ್ಲಿ ಷೂ ರಿಪೇರಿ ಮಾಡತೊಡಗಿದರು. ಬಿಡುವಿನಲ್ಲಿ ಆಟದ ನಿಯಮಗಳನ್ನು ಬರೆಯುತ್ತಿದ್ದರು.

ಮೊದಲ ತಿದ್ದುಪಡಿ

ಇತ್ತ ಪಕ್ಕದ ಮಿನೆಸೋಟ ರಾಜ್ಯದಲ್ಲಿ ಡೇವ್ ಆರ್ನೆಸನ್ ಎಂಬ ವಿದ್ಯಾರ್ಥಿ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡನ್ನು ಕಟ್ಟಿ ಆಡಿಸುತ್ತಿದ್ದರು. ಅದರ ಹೊಸತನವೇನೆಂದರೆ ಆಟಗಾರ ಸೈನ್ಯ ನಡೆಸುವುದಿಲ್ಲ, ಒಬ್ಬನೇ ಒಬ್ಬ ವ್ಯಕ್ತಿಯಾಗುತ್ತಾನೆ. ಆ ವ್ಯಕ್ತಿ ವಾರದಿಂದ ವಾರಕ್ಕೆ ಬದುಕಿ, ಅನುಭವ ಗಳಿಸಿ, ಬೆಳೆಯುತ್ತಾನೆ.

ಅಲ್ಲಿಯೇ ಮೊದಲ ಸಮಸ್ಯೆ ಹುಟ್ಟಿತು. ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ವ್ಯಾಂಪೈರ್ ಆಗಿ ಮಾರ್ಪಟ್ಟಿತು. ಸರ್ ಫ್ಯಾಂಗ್ ಎಂಬ ಆ ಪಿಶಾಚಿಯನ್ನು ಯಾರೂ ಸೋಲಿಸಲಾರದಾದರು. ಆಟ ಒಬ್ಬನ ಸ್ವತ್ತಾಗುವ ಲಕ್ಷಣ ಕಂಡಿತು. ಆಗ ಹಳೆಯ ಭಯಾನಕ ಸಿನಿಮಾಗಳಲ್ಲಿ ಬರುವ ಪಿಶಾಚಿ ಬೇಟೆಗಾರನ ಮಾದರಿಯಲ್ಲಿ ಮೈಕ್ ಕಾರ್ ಎಂಬ ಆಟಗಾರನಿಗಾಗಿ ಹೊಸ ಪಾತ್ರವೊಂದನ್ನು ಮಾಡಿದರು. ದೇವರ ಬಲದಿಂದ ಪಿಶಾಚಿಯನ್ನು ಓಡಿಸಬಲ್ಲ, ಗಾಯ ಮಾಯಿಸಬಲ್ಲ ಪಾದ್ರಿ. ಅಂದರೆ ಆಟ ಅಚ್ಚಾಗುವ ಮೊದಲೇ ತಕ್ಕಡಿಯ ಒಂದು ತಟ್ಟೆ ಭಾರವಾಯಿತೆಂದು ಇನ್ನೊಂದಕ್ಕೆ ಹಾಕಿದ ಬಟ್ಟು ಈ ಪಾದ್ರಿ.

1972ರ ಕೊನೆಯಲ್ಲಿ ಆರ್ನೆಸನ್ ಲೇಕ್ ಜಿನೀವಾಗೆ ಬಂದು ಗೈಗ್ಯಾಕ್ಸ್ ಮನೆಯಲ್ಲಿ ತಮ್ಮ ಆಟ ತೋರಿಸಿದರು. ಅದನ್ನು ನಿಯಮಬದ್ಧವಾಗಿ ಬರೆಯುವ ಭಾರ ಗೈಗ್ಯಾಕ್ಸ್ ಹೊತ್ತರು. ಮೊದಲ ಪರೀಕ್ಷಾರ್ಥಿಗಳು ಅವರದೇ ಮಗ ಮತ್ತು ಮಗಳು. ಪ್ರಕಟಿಸಲು ಯಾವ ಕಂಪೆನಿಯೂ ಮುಂದೆ ಬರಲಿಲ್ಲ. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ತಮ್ಮ ವಿಮಾ ಪಾಲಿಸಿಯ ಮೇಲೆ ಸಾವಿರ ಡಾಲರ್ ಸಾಲ ತಂದು ಪಾಲುದಾರರಾದರು. ಟಿಎಸ್‌ಆರ್ ಎಂಬ ಸಂಸ್ಥೆ ಹುಟ್ಟಿತು. 1974ರ ಜನವರಿಯಲ್ಲಿ ಮೂರು ತೆಳು ಪುಸ್ತಿಕೆಗಳ ಒಂದು ಪೆಟ್ಟಿಗೆ ಹೊರಬಂತು. ಬೆಲೆ 10 ಡಾಲರ್. ಸಾವಿರ ಪ್ರತಿಗಳು. ಪೆಟ್ಟಿಗೆಗಳನ್ನು ಜೋಡಿಸಿದ್ದು ಕೇ ಅವರ ಮನೆಯಲ್ಲಿ. ಮರುವರ್ಷ ಜನವರಿಯಲ್ಲೇ ಕೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 36. ತಾವು ಸಾಲ ತಂದ ಸಾವಿರ ಡಾಲರ್ ಏನಾಯಿತೆಂದು ನೋಡಲು ಅವರು ಉಳಿಯಲಿಲ್ಲ.

ಅಂಕಗಣಿತದ ನ್ಯಾಯ

ಆ ಪುಸ್ತಿಕೆಗಳಲ್ಲಿದ್ದ ಪಾತ್ರವರ್ಗಗಳು ಮೂರೇ ಮೂರು: ಯೋಧ, ಮಾಂತ್ರಿಕ, ಪಾದ್ರಿ. ಯೋಧ ಯಾವ ಆಯುಧವನ್ನಾದರೂ ಹಿಡಿಯಬಹುದು. ಮಾಂತ್ರಿಕನಿಗೆ ಕವಚವಿಲ್ಲ, ಚೂರಿಗಿಂತ ದೊಡ್ಡ ಆಯುಧವಿಲ್ಲ. ಪಾದ್ರಿ ಹರಿತವಾದ ಆಯುಧ ಮುಟ್ಟುವಂತಿಲ್ಲ. ಒಂದು ಪಾತ್ರ ಏನು ಮಾಡಲಾರದು ಎಂಬುದೇ ಅದರ ಪಕ್ಕದಲ್ಲಿ ಕುಳಿತವನಿಗೆ ಕೆಲಸ ಒದಗಿಸುತ್ತಿತ್ತು.

ದಾಳಗಳ ಸಂಗತಿ ವಿದ್ಯಾರ್ಥಿಗಳಿಗೆ ರುಚಿಸೀತು. ಸಾಮಾನ್ಯ ದಾಳಕ್ಕೆ ಆರು ಮುಖ. ಗೈಗ್ಯಾಕ್ಸ್ ಅವರಿಗೆ ಶಾಲಾ ಸಾಮಗ್ರಿಗಳ ಕ್ಯಾಟಲಾಗಿನಲ್ಲಿ ಐದು ಬಗೆಯ ದಾಳಗಳ ಕಟ್ಟು ಸಿಕ್ಕಿತು. ಅವು 4, 6, 8, 12 ಮತ್ತು 20 ಮುಖಗಳ ಘನಾಕೃತಿಗಳು. ಎಲ್ಲ ಮುಖಗಳೂ ಒಂದೇ ಬಗೆಯ ಸಮಬಹುಭುಜಗಳಾಗಿ, ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ ಉಬ್ಬು ಘನಾಕೃತಿಗಳು ಈ ಐದೇ. ಆರನೆಯದು ಸಾಧ್ಯವಿಲ್ಲ ಎಂಬುದನ್ನು ಪ್ರಾಚೀನ ಗ್ರೀಕರೇ ಸಾಧಿಸಿದ್ದರು. ಗಣಿತ ಪಾಠಕ್ಕೆಂದು ಮಾಡಿದ ಸಾಧನ ಪಾತ್ರಗಳನ್ನು ಬೇರ್ಪಡಿಸುವ ಅಳತೆಗೋಲಾಯಿತು. 1978ರ ನಿಯಮ ಪುಸ್ತಕದಲ್ಲಿ ಯೋಧ ತನ್ನ ಪ್ರಾಣಶಕ್ತಿಗಾಗಿ 10 ಮುಖದ ದಾಳ ಉರುಳಿಸುತ್ತಾನೆ, ಸರಾಸರಿ 5.5. ಮಾಂತ್ರಿಕನದು 4 ಮುಖದ ದಾಳ, ಸರಾಸರಿ 2.5. ಒಂದು ಬೆಕ್ಕು ಪರಚಿದರೂ ಪ್ರಾಣ ಹೋಗುವ ಸ್ಥಿತಿ!

ಮೊದಲ ಹಂತದಲ್ಲಿ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಅವನು ಬರೀ ಪ್ರೇಕ್ಷಕ. ಆದರೆ ಐದನೇ ಹಂತ ಮುಟ್ಟಿದಾಗ ಅವನಿಗೆ ಬೆಂಕಿಯುಂಡೆಯ ಮಂತ್ರ ಸಿಗುತ್ತದೆ. ಹಂತವೊಂದಕ್ಕೆ ಆರು ಮುಖದ ಒಂದು ದಾಳ. ಐದನೇ ಹಂತದಲ್ಲಿ ಸರಾಸರಿ 17.5, ಹತ್ತನೇ ಹಂತದಲ್ಲಿ 35. ಅದೂ ಒಬ್ಬ ಶತ್ರುವಿಗಲ್ಲ, ಆ ಜಾಗದಲ್ಲಿರುವ ಎಲ್ಲರಿಗೂ. ಯೋಧನ ಉದ್ದ ಕತ್ತಿಗೆ 8 ಮುಖದ ದಾಳ, ಒಂದು ಏಟಿಗೆ ಸರಾಸರಿ 4.5. ಒಬ್ಬನ ಬೆಳವಣಿಗೆ ಸರಳ ರೇಖೆ. ಇನ್ನೊಬ್ಬನದು ಮೇಲಕ್ಕೆ ಬಾಗುವ ವಕ್ರರೇಖೆ. ಆರಂಭದಲ್ಲಿ ಮಾಂತ್ರಿಕ ಹೊರೆ, ಕೊನೆಯಲ್ಲಿ ಯೋಧ ಹೊರೆ.

ಗೈಗ್ಯಾಕ್ಸ್ ಇದನ್ನು ಅರಿಯದವರಲ್ಲ. ಅವರು ಹುಡುಕಿದ ಉಪಾಯ ವಿಮಾ ನೌಕರನದು: ಕಂತು ಹೆಚ್ಚಿಸುವುದು. ಎರಡನೇ ಹಂತಕ್ಕೇರಲು 1974ರ ನಿಯಮದಲ್ಲಿ ಪಾದ್ರಿಗೆ 1500 ಅನುಭವಾಂಕ ಸಾಕು, ಯೋಧನಿಗೆ 2000, ಮಾಂತ್ರಿಕನಿಗೆ 2500. ಶಕ್ತಿ ಹೆಚ್ಚು ಬೇಕೆನ್ನುವವನು ಹೆಚ್ಚು ಕಾಯಬೇಕು. ಕಾಗದದ ಮೇಲೆ ಇದು ನ್ಯಾಯವೇ. ಆದರೆ ಮೇಜಿನ ಬಳಿ ಕುಳಿತ ಹುಡುಗ ಇಂದು ಸಂಜೆ ಆಡಲು ಬಂದಿರುತ್ತಾನೆ. ಎರಡು ವರ್ಷದ ನಂತರ ನಿನ್ನ ಸರದಿ ಬರುತ್ತದೆ ಎಂದರೆ ಅವನಿಗೆ ಸಮಾಧಾನವಾಗುವುದೇ?

ಕಳ್ಳ ಬಂದ ಮೇಲೆ

1975ರಲ್ಲಿ ಗ್ರೇಹಾಕ್ ಎಂಬ ಪೂರಕ ಪುಸ್ತಿಕೆ ಪ್ರಕಟವಾಯಿತು. ಅದರಲ್ಲಿ ಧರ್ಮಯೋಧನಾದ ಪಲಾಡಿನ್ ಜೊತೆಗೆ ಕಳ್ಳ ಎಂಬ ವರ್ಗವೂ ಸೇರಿತು. ಕಳ್ಳನ ಕಲ್ಪನೆ ಮೊಳೆತದ್ದು ದೂರದ ಕ್ಯಾಲಿಫೋರ್ನಿಯಾದ ಆಟಗಾರರಲ್ಲಿ. ಬೀಗ ತೆಗೆಯುವುದು, ಗುಪ್ತ ಬಲೆಗಳನ್ನು ಕಂಡುಹಿಡಿಯುವುದು, ಸದ್ದಿಲ್ಲದೆ ನಡೆಯುವುದು ಅವನ ಕಸುಬು. ಎಲ್ಲಕ್ಕೂ ಶೇಕಡಾ ಲೆಕ್ಕದ ಕೋಷ್ಟಕ.

ಇಲ್ಲಿ ಒಂದು ವಿಚಿತ್ರ ಸಂಭವಿಸಿತು. ಅಲ್ಲಿಯವರೆಗೆ ಯಾರು ಬೇಕಾದರೂ ಬಾಗಿಲಿಗೆ ಕಿವಿಗೊಟ್ಟು ಕೇಳಬಹುದಿತ್ತು, ಕೋಲಿನಿಂದ ನೆಲ ತಟ್ಟಿ ಬಲೆ ಹುಡುಕಬಹುದಿತ್ತು. ಕಳ್ಳ ಬಂದ ಮೇಲೆ ಉಳಿದವರು ಆ ಪ್ರಯತ್ನವನ್ನೇ ಬಿಡತೊಡಗಿದರು. ಅದು ಅವನ ಕೆಲಸವಲ್ಲವೇ! ಆದರೆ ಆ ಕಳ್ಳನಾದರೂ ಎಷ್ಟು ನಿಪುಣ? 1978ರ ಪುಸ್ತಕದಲ್ಲಿ ಮೊದಲ ಹಂತದ ಕಳ್ಳ ಬೀಗ ತೆಗೆಯುವ ಸಾಧ್ಯತೆ ಮೂಲತಃ ಶೇ. 25. ನಾಲ್ಕರಲ್ಲಿ ಮೂರು ಸಲ ಸೋಲು. ಒಬ್ಬನಿಗೆ ಹೊಸ ಗುರುತು ಕೊಡುವಾಗ ಉಳಿದವರಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂಬುದನ್ನು ನೋಡಬೇಕೆಂಬ ಪಾಠವನ್ನು ಈ ಕಳ್ಳ ಕಲಿಸಿದ. ಈ ಬಗ್ಗೆ ಆಟಗಾರರ ವಾದ ಇಂದಿಗೂ ಮುಗಿದಿಲ್ಲ.

ನಂತರ ವರ್ಗಗಳ ಸುರಿಮಳೆಯಾಯಿತು. 1975ರಲ್ಲಿ ಅಡವಿಯ ಕಾವಲುಗಾರ ರೇಂಜರ್, ಮಾಯಾವಿ, ಭಿಕ್ಷು, ಕೊಲೆಗಾರ. 1976ರಲ್ಲಿ ಹಾಡುಗಾರ ಮತ್ತು ಪ್ರಕೃತಿಯ ಆರಾಧಕ ಡ್ರೂಯಿಡ್. ಹಲವು ವರ್ಗಗಳನ್ನು ರೂಪಿಸಿದವರು ಸಾಮಾನ್ಯ ಆಟಗಾರರು. ಅವು ಟಿಎಸ್‌ಆರ್ ಪತ್ರಿಕೆಯಲ್ಲಿ ಅಚ್ಚಾಗಿ ಬಂದವು. 1985ರ ಪುಸ್ತಕವೊಂದು ಬರ್ಬರ ಯೋಧ, ಅಶ್ವಾರೋಹಿಗಳನ್ನೂ ಸೇರಿಸಿತು. ಒಂದೊಂದಕ್ಕೂ ಪ್ರತ್ಯೇಕ ಕೋಷ್ಟಕ, ಪ್ರತ್ಯೇಕ ವಿನಾಯಿತಿ.

ಮಸೂರ ಜೋತುಬಿದ್ದರೆ

ಮುಂದೇನಾಯಿತೆಂದು ತಿಳಿಯಲು ಪಟ್ಟಣ ಬಿಟ್ಟು ಅದೇ ಸರೋವರದ ದಂಡೆಯಲ್ಲಿ ಪಶ್ಚಿಮಕ್ಕೆ ಸುಮಾರು ಹತ್ತು ಕಿ.ಮೀ. ಹೋಗಿಬರುವುದು ಒಳ್ಳೆಯದು. ಅಲ್ಲಿ ವಿಲಿಯಮ್ಸ್ ಬೇ ಎಂಬ ಹಳ್ಳಿಯಲ್ಲಿ ಯರ್ಕೀಸ್ ವೀಕ್ಷಣಾಲಯವಿದೆ. 1897ರಲ್ಲಿ ಆರಂಭವಾದ ಇದರ ದೂರದರ್ಶಕದ ಮಸೂರ 40 ಅಂಗುಲ, ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು ಅಗಲ. ಭಾರತೀಯರಿಗೆ ಈ ಜಾಗ ಇನ್ನೊಂದು ಕಾರಣಕ್ಕೂ ಮುಖ್ಯ. 1983ರ ನೊಬೆಲ್ ಪುರಸ್ಕೃತ ಸುಬ್ರಹ್ಮಣ್ಯನ್ ಚಂದ್ರಶೇಖರ್ 1937ರಿಂದ 1964ರವರೆಗೆ ಇಲ್ಲಿದ್ದು ಕೆಲಸ ಮಾಡಿದರು. ಒಮ್ಮೆ ಅವರು ವಾರವಾರ ಷಿಕಾಗೋಗೆ ಕಾರಿನಲ್ಲಿ ಹೋಗಿ ಪಾಠ ಮಾಡುತ್ತಿದ್ದ ತರಗತಿಯಲ್ಲಿ ಇದ್ದವರು ಇಬ್ಬರೇ, ಲೀ ಮತ್ತು ಯಾಂಗ್ ಎಂಬ ಚೀನೀ ವಿದ್ಯಾರ್ಥಿಗಳು. 1957ರಲ್ಲಿ ಆ ಇಬ್ಬರಿಗೂ ನೊಬೆಲ್ ಬಂತು. ಗೈಗ್ಯಾಕ್ಸ್ ಎಂಬ ಬಾಲಕ ಪಟ್ಟಣದ ಬೀದಿಗಳಲ್ಲಿ ಆಡಿಕೊಂಡಿದ್ದ ವರ್ಷಗಳಲ್ಲೇ ಚಂದ್ರಶೇಖರ್ ಇಲ್ಲಿ ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದರು.

ಯರ್ಕೀಸ್ ಮಸೂರಕ್ಕಿಂತ ದೊಡ್ಡ ಮಸೂರದ ದೂರದರ್ಶಕ ಖಗೋಳ ಸಂಶೋಧನೆಯಲ್ಲಿ ಬಳಕೆಗೆ ಬರಲೇ ಇಲ್ಲ. ಕಾರಣ ಸರಳ. ಮಸೂರವನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬಹುದು. ದೊಡ್ಡದಾದಂತೆ ಗಾಜು ತನ್ನ ಭಾರಕ್ಕೆ ತಾನೇ ಜೋತುಬಿದ್ದು ಬಿಂಬ ಕೆಡುತ್ತದೆ. ವೀಕ್ಷಣಾಲಯದ ಸ್ಥಾಪಕ ಜಾರ್ಜ್ ಹೇಲ್ ಆಮೇಲೆ ಮಸೂರ ಹಿಗ್ಗಿಸುವುದನ್ನು ಬಿಟ್ಟು, ಹಿಂದಿನಿಂದ ಆಧಾರ ಕೊಡಬಹುದಾದ ಕನ್ನಡಿಗಳತ್ತ ತಿರುಗಿದರು.

ಆಟಕ್ಕೂ ಅದೇ ಗತಿಯಾಗಿತ್ತು. ಇನ್ನೂ ಒಂದು ವರ್ಗ, ಇನ್ನೂ ಒಂದು ಕೋಷ್ಟಕ ಎಂದು ಸೇರಿಸುತ್ತ ಹೋದಂತೆ ಅದು ತನ್ನ ಭಾರಕ್ಕೆ ತಾನೇ ಬಾಗತೊಡಗಿತ್ತು. ಜೊತೆಗೆ ಗೈಗ್ಯಾಕ್ಸ್ 1985ರಲ್ಲಿ ಕಂಪೆನಿಯ ಹಿಡಿತ ಕಳೆದುಕೊಂಡರು. ಹೆಸರಿನ ಹಕ್ಕು ಮತ್ತು ಗೌರವಧನದ ವಿಷಯದಲ್ಲಿ ಆರ್ನೆಸನ್ ಜೊತೆಗಿನ ವ್ಯಾಜ್ಯ 1981ರಲ್ಲಷ್ಟೇ ರಾಜಿಯಾಗಿತ್ತು. ತಂದೆತಾಯಿಗಳ ಆತಂಕ ಬೇರೆ. ಈ ಆಟ ಮಕ್ಕಳನ್ನು ಮಾಟಮಂತ್ರದತ್ತ, ಆತ್ಮಹತ್ಯೆಯತ್ತ ತಳ್ಳುತ್ತದೆಂಬ ಪ್ರಚಾರ 1980ರ ದಶಕದಲ್ಲಿ ಅಮೆರಿಕದಲ್ಲಿ ಜೋರಾಗಿತ್ತು. ನಂತರದ ಅಧ್ಯಯನಗಳು ಈ ಆರೋಪಕ್ಕೆ ಆಧಾರ ಕಾಣಲಿಲ್ಲ.

1989ರ ಎರಡನೇ ಆವೃತ್ತಿ ರೂಪಿಸಿದ ಡೇವಿಡ್ ಕುಕ್ ಕತ್ತರಿ ಹಿಡಿದರು. ಕೊಲೆಗಾರ ಹೋದ, ಭಿಕ್ಷುವೂ ಹೋದ. ಉಳಿದವರನ್ನು ಯೋಧ, ಮಾಂತ್ರಿಕ, ಪುರೋಹಿತ, ಚತುರ ಎಂಬ ನಾಲ್ಕು ಗುಂಪುಗಳಲ್ಲಿ ಜೋಡಿಸಿದರು. ತಾವು ವರ್ಷಗಟ್ಟಲೆ ಆಡಿದ ಪಾತ್ರ ಪುಸ್ತಕದಿಂದಲೇ ಮಾಯವಾದದ್ದನ್ನು ಕಂಡ ಆಟಗಾರರಿಗೆ ಸಂಕಟವಾದದ್ದು ಸಹಜ.

ಎಲ್ಲರೂ ಒಂದೇ ಆದಾಗ

1997ರಲ್ಲಿ ಟಿಎಸ್‌ಆರ್ ಸಂಸ್ಥೆಯನ್ನು ವಿಜಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿ ಕೊಂಡಿತು. ಆಟದ ಕಚೇರಿ ಲೇಕ್ ಜಿನೀವಾ ಬಿಟ್ಟು ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯಕ್ಕೆ ಹೋಯಿತು. 2000ದ ಮೂರನೇ ಆವೃತ್ತಿಯಲ್ಲಿ ಹಳೆಯ ಕಂತಿನ ಲೆಕ್ಕ ರದ್ದಾಯಿತು. ಎಲ್ಲ ವರ್ಗಗಳಿಗೂ ಒಂದೇ ಕೋಷ್ಟಕ. ಎರಡನೇ ಹಂತಕ್ಕೆ ಎಲ್ಲರಿಗೂ 1000 ಅಂಕ. ಓಟದ ಗೆರೆ ಸಮವಾಯಿತು, ಆದರೆ ಮಾಂತ್ರಿಕನ ವಕ್ರರೇಖೆ ಹಾಗೆಯೇ ಉಳಿಯಿತು. ಮೇಲಿನ ಹಂತಗಳಲ್ಲಿ ಯೋಧ ಮತ್ತೆ ಹಿಂದೆ ಬಿದ್ದ.

2008ರ ನಾಲ್ಕನೇ ಆವೃತ್ತಿ ಇದಕ್ಕೆ ಧೈರ್ಯದ ಪರಿಹಾರ ಹುಡುಕಿತು. ಯೋಧನಿರಲಿ ಮಾಂತ್ರಿಕನಿರಲಿ, ಎಲ್ಲರಿಗೂ ಒಂದೇ ವೇಳಾಪಟ್ಟಿಯ ಶಕ್ತಿಗಳು: ಕೆಲವು ಯಾವಾಗ ಬೇಕಾದರೂ, ಕೆಲವು ಕಾಳಗಕ್ಕೊಮ್ಮೆ, ಕೆಲವು ದಿನಕ್ಕೊಮ್ಮೆ. ಪ್ರತಿ ವರ್ಗಕ್ಕೂ ರಕ್ಷಕ, ಹೊಡೆತಗಾರ, ನಾಯಕ, ನಿಯಂತ್ರಕ ಎಂಬ ನಾಲ್ಕರಲ್ಲೊಂದು ಹೊಣೆ. ತಕ್ಕಡಿ ಹಿಂದೆಂದೂ ಇಷ್ಟು ಸಮವಾಗಿರಲಿಲ್ಲ.

ಆದರೆ ಅನೇಕರು ಒಪ್ಪಲಿಲ್ಲ. ಯಾರಾದರೂ ಅಷ್ಟೇ ಎಂದಾದರೆ ಆರಿಸುವುದೇಕೆ ಎಂಬುದು ಅವರ ದೂರು. ಮಂತ್ರ ಹೇಳುವುದಕ್ಕೂ ಕತ್ತಿ ಬೀಸುವುದಕ್ಕೂ ಕೈಗೆ ಸಿಗುವ ಅನುಭವ ಒಂದೇ ಆಗಿತ್ತು. ಬಹಳ ಜನ ಮೂರನೇ ಆವೃತ್ತಿಯ ತಳಹದಿಯ ಮೇಲೆ 2009ರಲ್ಲಿ ಬಂದ ಪಾಥ್‌ಫೈಂಡರ್ ಎಂಬ ಆಟಕ್ಕೆ ಹೋದರು. ಸಮತೂಕ ಸಾಧಿಸುವ ಭರದಲ್ಲಿ ಭೇದವನ್ನೇ ಅಳಿಸಿದರೆ ಯಾರಿಗೂ ತೃಪ್ತಿಯಿಲ್ಲ ಎಂಬುದನ್ನು ಆ ಆವೃತ್ತಿ ಕಲಿಸಿತು. ಇದನ್ನು ಬರಿಯ ಸೋಲು ಎನ್ನುವುದು ಸರಿಯಲ್ಲ. ಪ್ರಯೋಗ ಮಾಡದೆ ಇದು ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಮುಂದಿನ ಆವೃತ್ತಿಗೆ ನಿಜವಾಗಿಯೂ ಪ್ರಯೋಗಶಾಲೆಯ ವಿಧಾನ ಬಂತು. 2012ರ ಮೇ ತಿಂಗಳಿಂದ ಕರಡು ನಿಯಮಗಳನ್ನು ಸಾರ್ವಜನಿಕರಿಗೆ ಕೊಟ್ಟು, ಆಡಿ ನೋಡಲು ಹೇಳಿ, ಅಭಿಪ್ರಾಯ ಸಂಗ್ರಹಿಸಿ, ತಿದ್ದಿ ಮತ್ತೆ ಕೊಡಲಾಯಿತು. ಪಾಲ್ಗೊಂಡವರು 1,75,000ಕ್ಕೂ ಹೆಚ್ಚು ಎಂದು ಕಂಪೆನಿ ಪ್ರಕಟಿಸಿತು. 2014ರಲ್ಲಿ 12 ವರ್ಗಗಳ ಐದನೇ ಆವೃತ್ತಿ ಹೊರಬಂತು.

ಅದರಲ್ಲಿ ಮಾಂತ್ರಿಕನನ್ನು ತಿದ್ದಿದ ಬಗೆ ನೋಡಿ. ಸಣ್ಣ ಮಂತ್ರಗಳನ್ನು ಎಷ್ಟು ಸಲವಾದರೂ ಹೇಳಬಹುದು. ಹಾಗಾಗಿ ಹೊಸಬ ಪ್ರೇಕ್ಷಕನಾಗುವುದಿಲ್ಲ. ಆದರೆ ಏಕಾಗ್ರತೆ ಬೇಡುವ ಮಂತ್ರಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹಿಡಿದಿಡಬಹುದು. ಬೆಂಕಿಯುಂಡೆ ಈಗ ಹಂತದೊಂದಿಗೆ ತಾನಾಗಿ ಬೆಳೆಯುವುದಿಲ್ಲ. 8 ದಾಳ, ಸರಾಸರಿ 28. ಹೆಚ್ಚು ಬೇಕಿದ್ದರೆ ಇನ್ನೂ ದೊಡ್ಡ ಮಂತ್ರಕ್ಕೆ ಮೀಸಲಾದ ಶಕ್ತಿಯನ್ನು ವ್ಯಯಿಸಬೇಕು. ಯೋಧನಿಗೆ ಮೇಲಿನ ಹಂತಗಳಲ್ಲಿ ಒಂದೇ ಸರದಿಯಲ್ಲಿ ಹೆಚ್ಚು ಏಟುಗಳು. ರೇಖೆ ರೇಖೆಯಾಗಿಯೇ ಉಳಿದು, ವಕ್ರರೇಖೆ ತುಸು ಬಾಗಿತು. ಇಬ್ಬರೂ ಬೇರೆ ಬೇರೆಯಾಗಿಯೇ ಹತ್ತಿರ ಬಂದರು.

ಆದರೂ ಎಲ್ಲರಿಗೂ ನ್ಯಾಯ ಸಿಕ್ಕಿತೇ? ಇಲ್ಲ. ರೇಂಜರ್ ಹಿಂದುಳಿದ. ತಾನು ಆರಿಸಿಕೊಂಡ ಭೂಪ್ರದೇಶದಲ್ಲಿ ಅವನು ಬಲು ನಿಪುಣ. ಕತೆ ಮರುಭೂಮಿಗೆ ಹೋದರೆ ಕಾಡು ಬಲ್ಲವನಿಗೆ ಕೆಲಸವಿಲ್ಲ. ಆಟಗಾರರ ಅಸಮಾಧಾನ ಕಂಡು 2016ರಲ್ಲಿ ಪರಿಷ್ಕೃತ ಕರಡು ಬಂತು, 2020ರಲ್ಲಿ ಪರ್ಯಾಯ ನಿಯಮಗಳು ಬಂದವು. 2024ರ ಹೊಸ ಪುಸ್ತಕದಲ್ಲಿ 12 ವರ್ಗಗಳಿಗೂ ತಲಾ ನಾಲ್ಕು ಉಪವರ್ಗಗಳಂತೆ 48 ದಾರಿಗಳಿವೆ. ಅಲ್ಲಿಯೂ ರೇಂಜರ್ ಬಗೆಗಿನ ಗೊಣಗಾಟ ನಿಂತಿಲ್ಲ.

ಖಾಲಿ ಕುರ್ಚಿಗಳು

ಗೈಗ್ಯಾಕ್ಸ್ 2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲೇ ನಿಧನರಾದರು. ಅಂತ್ಯಕ್ರಿಯೆ ಮುಗಿದ ಮೇಲೆ ಗೆಳೆಯರೂ ಅಭಿಮಾನಿಗಳೂ ಊರಿನ ಸಭಾಂಗಣವೊಂದರಲ್ಲಿ ಸೇರಿ ಅವರ ನೆನಪಿಗೆ ಆಟ ಆಡಿದರು. ಮರುವರ್ಷದಿಂದ ಅದು ಗ್ಯಾರಿ ಕಾನ್ ಎಂಬ ವಾರ್ಷಿಕ ಸಮಾವೇಶವಾಯಿತು. 2009ರಲ್ಲಿ ಆರ್ನೆಸನ್ ಕೂಡ ತೀರಿಕೊಂಡರು. ಮಾರ್ಚ್ ತಿಂಗಳಲ್ಲಿ ದಾಳದ ಚೀಲ ಹಿಡಿದು ಬರುವ ಯಾತ್ರಿಕರು ಇವರೇ. ಅವರಲ್ಲಿ ತಲೆ ನರೆತವರೂ ಉಂಟು, ಅವರ ಮೊಮ್ಮಕ್ಕಳ ವಯಸ್ಸಿನವರೂ ಉಂಟು. 2016ರಲ್ಲಿ ಆರಂಭವಾದ ಸ್ಟ್ರೇಂಜರ್ ಥಿಂಗ್ಸ್ ಎಂಬ ಟಿವಿ ಧಾರಾವಾಹಿಯ ಮೊದಲ ಕಂತಿನಲ್ಲೇ ಹುಡುಗರು ಈ ಆಟ ಆಡುವುದನ್ನು ನೋಡಿ ಇತ್ತ ಒಲಿದವರೂ ಅನೇಕರು. ಬೆಂಗಳೂರಿನಲ್ಲೂ ಇದನ್ನಾಡುವ ಗುಂಪುಗಳಿವೆ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಕ್ಕಳನ್ನು ವಿಜ್ಞಾನ, ವಾಣಿಜ್ಯ, ಕಲೆ ಎಂದು ವಿಂಗಡಿಸುತ್ತೇವೆ. ಯಾವುದು ಮೇಲು ಎಂಬ ಮಾತು ಮನೆಮನೆಯಲ್ಲೂ ನಡೆಯುತ್ತದೆ. ಷೂ ಹೊಲಿಯುತ್ತಿದ್ದವನ ನೆಲಮಾಳಿಗೆಯಲ್ಲಿ ಶುರುವಾದ ಆಟದಲ್ಲಿ ಐವತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಬೇರೆ. ಯಾರು ಮೇಲು ಎಂದಲ್ಲ. ಇವನು ಬಂದು ಕುಳಿತಾಗ ಉಳಿದವರಿಗೆ ಇವನ ಅಗತ್ಯ ಬೀಳುತ್ತದೆಯೇ ಎಂದು. ಪೂರ್ಣ ಉತ್ತರ ಅವರಿಗೂ ಸಿಕ್ಕಿಲ್ಲ. ಸಿಗದಾಗಲೆಲ್ಲ ಪುಸ್ತಕ ತಿದ್ದಿದ್ದಾರೆ; ಆಟಗಾರನದೇ ತಪ್ಪು ಎಂದು ಅವನನ್ನು ಎಬ್ಬಿಸಿ ಕಳಿಸಿಲ್ಲ.

ಸಮಾವೇಶದ ಯಾವುದೇ ಮೇಜಿನ ಬಳಿ ಮೊದಲ ಸಲ ಬಂದ ಮಗು ನಿಂತರೆ ಯಾರೋ ಒಂದು ಕುರ್ಚಿ ಎಳೆಯುತ್ತಾರೆ, ಒಂದು ಹಾಳೆ ಕೊಡುತ್ತಾರೆ, ಒಂದು ದಾಳ ಮುಂದಿಡುತ್ತಾರೆ. ಹೊರಗೆ ಸರೋವರದ ಮೇಲೆ ತಣ್ಣನೆಯ ಗಾಳಿ. ಒಳಗೆ ಅದೇ ಹಳೆಯ ಪ್ರಶ್ನೆ: ನೀನು ಯಾರಾಗುತ್ತೀ?

ಹೋಗುವವರಿಗೆ

ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಲೇಕ್ ಜಿನೀವಾಗೆ ರಸ್ತೆಯಲ್ಲಿ ಎರಡು ಗಂಟೆಯೊಳಗಿನ ಪ್ರಯಾಣ. ಊರಿಗೆ ನೇರ ರೈಲಿಲ್ಲ. ಷಿಕಾಗೋದಿಂದ ಹಾರ್ವರ್ಡ್ ಎಂಬ ಇಲಿನಾಯ್ ಪಟ್ಟಣದವರೆಗೆ ಉಪನಗರ ರೈಲಿನಲ್ಲಿ ಬಂದು ಅಲ್ಲಿಂದ ಕಾರು ಹಿಡಿಯಬೇಕು. ಅಂಚೆ ದೋಣಿ ಬೇಸಿಗೆಯಲ್ಲಿ ಮಾತ್ರ. ಪ್ರವಾಸಿಗರೂ ಅದರಲ್ಲಿ ಕುಳಿತು ಸಾಗಬಹುದು. ಯರ್ಕೀಸ್ ವೀಕ್ಷಣಾಲಯವನ್ನು ಷಿಕಾಗೋ ವಿಶ್ವವಿದ್ಯಾಲಯ 2020ರಲ್ಲಿ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು. ದುರಸ್ತಿಯ ನಂತರ 2022ರಿಂದ ಮತ್ತೆ ಸಾರ್ವಜನಿಕರಿಗೆ ತೆರೆದಿದೆ. ಸೆಂಟರ್ ಸ್ಟ್ರೀಟಿನ ಮನೆ ಈಗ ಬೇರೆಯವರದು. ರಸ್ತೆಯಿಂದಲೇ ನೋಡಿ ಬರುವುದು ಸೌಜನ್ಯ.